ಹಸಿರು ದಾರದ ಗಂಟುಗಳು

ಹುನಗುಂದ

ಮಹೇಶ್ವರಿಗೆ,

ನಿನ್ನ ಶಾಲೆಯ ಡ್ರೈವರ್ ಆಮಂತ್ರಣ ಕೊಟ್ಟು ಹೋದ. ಕಾಗದ ಬಲು ದಪ್ಪ, ಅಕ್ಷರಕ್ಕೆ ಬಂಗಾರದ ಬಣ್ಣ. ಊನಾಬಾಯಿ ತೀರಿಕೊಂಡಳೆಂದು ನನಗೆ ಗೊತ್ತಾದದ್ದೇ ಅದನ್ನು ಓದಿ. ನಾನೂ ನೀನೂ ಇದೇ ಊರಲ್ಲಿ ಇರುವವರು, ಒಂದು ಫೋನು ಮಾಡಿ ಹೇಳಲು ನಿನಗೆ ಪುರುಸೊತ್ತಾಗಲಿಲ್ಲ. ಆದರೆ ಅವಳ ಹೆಸರಿನ ಗ್ರಂಥಾಲಯದ ಉದ್ಘಾಟನೆಗೆ ನನ್ನನ್ನು ಕೇಳದೆಯೇ ನನ್ನ ಹೆಸರು ಅಚ್ಚು ಹಾಕಿಸಿದ್ದೀಯ. ಐರ್ಲೆಂಡಿನ ಸಾಹಿತ್ಯ ಪರಂಪರೆ ಮತ್ತು ಸಮುದಾಯ ಶಿಕ್ಷಣ, ಉಪನ್ಯಾಸ ಶ್ರೀಮತಿ ಲಲಿತಾ! ಮೇಲೊಂದು ಚೀಟಿ ಬೇರೆ: ಬಾಗಲಕೋಟೆಯಿಂದ ದೊಡ್ಡವರು ಬರುತ್ತಾರೆ, ದಯವಿಟ್ಟು ಇಂಗ್ಲಿಷಿನಲ್ಲೇ ಮಾತಾಡು ಎಂದು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಸಿಟ್ಟು ಬಂತು, ಬರೆಯಲು ಕುಳಿತೆ.

ಬೇವೂರಿನ ಬೀರಪ್ಪನ ಗುಡಿಯ ಕಟ್ಟೆ ನಿನಗೆ ನೆನಪಿದೆಯೇ? ಐರ್ಲೆಂಡಿನಿಂದ ಬಾದಾಮಿಯ ಗುಹೆ ನೋಡಲು ಬಂದ ಊನಾಬಾಯಿ, ಹೆಂಗಸರ ಸಂಜೆ ಶಾಲೆಗೆಂದು ನಮ್ಮೂರಿಗೆ ಬಂದು ಅಲ್ಲೇ ಉಳಿದುಬಿಟ್ಟಳು. ನಮ್ಮ ಅವ್ವಂದಿರು ರೊಟ್ಟಿ ಬಡಿದು ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ಕುಳಿತರೆ ಮೊದಲು ಅಕ್ಷರ, ಆಮೇಲೆ ಕತೆ. ಧಾರವಾಡದ ಕಾಲೇಜಿನಲ್ಲಿ ಓದಿದ ನೀನು ಅವಳ ಇಂಗ್ಲಿಷನ್ನು ಕನ್ನಡ ಮಾಡುತ್ತಿದ್ದೆ. ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ನಾನು ನಿನ್ನ ಕನ್ನಡವನ್ನು ಬೇವೂರಿನ ಮಾತು ಮಾಡುತ್ತಿದ್ದೆ. ಒಂದು ಸಂಜೆ ಊನಾಬಾಯಿ, ಸಮುದ್ರದಿಂದ ಬಂದು ಮನುಷ್ಯನ ಮದುವೆಯಾಗಿ, ಅವನು ಬಚ್ಚಿಟ್ಟಿದ್ದ, ತಾನು ಸಮುದ್ರದಲ್ಲಿ ತೊಡುತ್ತಿದ್ದ ತೊಗಲು ಸಿಕ್ಕಿದ ಕೂಡಲೇ ಗಂಡ, ಮಕ್ಕಳನ್ನು ಬಿಟ್ಟು ನೀರಿಗೆ ಮರಳಿದ ಹೆಣ್ಣಿನ ಕತೆ ಹೇಳಿದಳು. ನಮ್ಮವ್ವ ಹನಮವ್ವ ಎದ್ದು ನಿಂತು, "ನನಗೂ ಅಂಥಾ ತೊಗಲ ಸಿಕ್ಕಿದ್ರ ಹೋಗಿಬಿಡ್ತಿದ್ನಿ ನೋಡವಾ, ರೊಟ್ಟಿ ಬಡಿಯೂದರ ತಪ್ಪತಿತ್ತು" ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನೀನು.

ಇನ್ನೊಂದು ಸಂಜೆ ಊನಾಬಾಯಿ ಬೇವಿನ ಕಡ್ಡಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಬಂದಳು. ಅವಳ ಮುತ್ತಜ್ಜ ಶಾಲೆಗೆ ಹೋಗುವಾಗ ಕೊರಳಲ್ಲಿ ಇಂಥದೇ ಕಡ್ಡಿ ಇರುತ್ತಿತ್ತಂತೆ. ತಾಯಿಮಾತು ಐರಿಷ್ ಆಡಿದರೆ ಅದರ ಮೇಲೊಂದು ಗೀರು, ಎಷ್ಟು ಗೀರೋ ಅಷ್ಟು ಏಟು. ಮನೆಯಲ್ಲಿ ಹೆತ್ತವರೇ ಗೀರು ಹಾಕುತ್ತಿದ್ದರಂತೆ, ಮಗ ಉದ್ಧಾರವಾಗಲಿ ಎಂದು. ಆ ಹುಡುಗ ದೊಡ್ಡವನಾದ ಮೇಲೆ ತನ್ನ ಮಕ್ಕಳ ಜೊತೆ ಆ ಮಾತು ಆಡಲೇ ಇಲ್ಲ. "ನಾನು ಅರ್ಧ ಆಯುಷ್ಯ ಕಳೆದ ಮೇಲೆ ಸಂಜೆ ಶಾಲೆಗೆ ಹೋಗಿ ನಮ್ಮ ಮಾತು ಕಲಿತೆ. ಕಲಿತು ಮನೆಗೆ ಬಂದರೆ ಮಾತಾಡಲು ಯಾರೂ ಉಳಿದಿರಲಿಲ್ಲ" ಎಂದಳು. ಅದನ್ನು ಕನ್ನಡ ಮಾಡುತ್ತ ಮಾಡುತ್ತ ನೀನು ಅತ್ತೆ. "ಎಂಥಾ ಪಾಪಿಗಳಿರಬೇಕ ಲಲಿತಾ ಅವ್ರು" ಎಂದು ನನ್ನ ತೋಳು ಹಿಡಿದುಕೊಂಡೆ. ನಮ್ಮವ್ವ ಎದ್ದು ಹೋಗಿ ಅವಳ ಕೊರಳಿಂದ ಕಡ್ಡಿ ತೆಗೆದಳು. "ಇದನ್ನ ಮೈಮ್ಯಾಲ ಇಟ್ಕೋಬ್ಯಾಡ ತಾಯಿ" ಎಂದು ಅದನ್ನು ಮುರಿದು ಎಸೆದಳು.

ನೀನು ಶಾಲೆ ತೆರೆದಾಗ ನನ್ನಷ್ಟು ಹಿಗ್ಗಿದವರು ಹುನಗುಂದದಲ್ಲಿ ಇರಲಿಕ್ಕಿಲ್ಲ. ಇಂಗ್ಲಿಷ್ ಬೇಡ ಎನ್ನುವಷ್ಟು ಹುಚ್ಚಿ ನಾನಲ್ಲ. ಮಹೇಶ್ವರಿಯ ಕೈಯಲ್ಲಿ ಮಗಳು ಎರಡು ಭಾಷೆಯನ್ನೂ ಚೆನ್ನಾಗಿ ಕಲಿಯುತ್ತಾಳೆ ಎಂದು ಕಣ್ಣು ಮುಚ್ಚಿ ಕನಕಾಳನ್ನು ಸೇರಿಸಿದೆ. ಈ ವರ್ಷದ ಪಾಲಕರ ಸಭೆಯಲ್ಲಿ ನೀನು ಹಸಿರು ದಾರದ ಉಂಡೆ ಹಿಡಿದು ನಿಂತೆ. ಪ್ರತಿ ಮಗುವಿನ ಕೊರಳಿಗೂ ಒಂದು ದಾರ. ಕನ್ನಡ ಆಡಿದರೆ ಅದಕ್ಕೊಂದು ಗಂಟು. ಮನೆಯಲ್ಲಿ ಆಡಿದರೆ ಪಾಲಕರೇ ಹಾಕಬೇಕು. ಹೆಚ್ಚು ಗಂಟಿನವರು ಶನಿವಾರದ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ನಿಲ್ಲಬೇಕು. "ನಾವೇನ್ ಹೊಡಿಯೂದಿಲ್ರಿ, ಬರೇ ಗಂಟು. ಇದು ಐರ್ಲೆಂಡಿನ ಪದ್ಧತಿರಿ. ಅಲ್ಲಿ ನೋಡನೋಡತಿದ್ದಂಗ ಎಲ್ಲಾರೂ ಇಂಗ್ಲಿಷ್ ಕಲತ್ರು" ಎಂದು ನೀನು ನಕ್ಕೆ. ಪಾಲಕರು ಚಪ್ಪಾಳೆ ತಟ್ಟಿದರು.

ಕಟ್ಟೆಯ ಮೇಲೆ ಅಷ್ಟು ಅಳುವಾಗಲೂ ಕಡ್ಡಿಯನ್ನು ಹೇಗೆ ಕಟ್ಟಬೇಕೆಂದು ನೋಡಿಟ್ಟುಕೊಂಡಿದ್ದೆಯಲ್ಲೇ! ಅವಳು ತನ್ನ ಮನೆಯ ಗಾಯ ಬಿಚ್ಚಿ ತೋರಿಸಿದಳು, ನೀನು ಅದರಿಂದ ಗಾಯ ಮಾಡುವುದನ್ನು ಕಲಿತೆ. ನಿನ್ನ ಕೋಣೆಗೆ ಬಂದು ಜಗಳಾಡಿದೆ. ನೀನು ಚಹಾ ತರಿಸಿದೆ. "ನೀ ಇನ್ನೂ ಬೇವೂರಿನ ಕಟ್ಟಿ ಮ್ಯಾಲೇ ಕುಂತಿ ನೋಡು ಲಲಿತಾ. ಪಾಲಕರಿಗೆ ಬೇಕಾಗಿದ್ದು ನಾ ಕೊಡ್ತೇನಿ" ಎಂದೆ. ನಾನು ಚಹಾ ಮುಟ್ಟದೆ ಎದ್ದು ಬಂದೆ. ಈ ವರ್ಷವೊಂದು ಮುಗಿಯಲಿ ಎಂದ ನನ್ನ ಗಂಡ ಕಾಳಪ್ಪ. ಮನೆಯಲ್ಲಿ ಮಾತ್ರ ಯಾರೂ ಗಂಟು ಹಾಕಕೂಡದು ಎಂದು ನಾನು ಹಟ ಹಿಡಿದೆ.

ನಾವು ಹಾಕದಿದ್ದರೆ ಮಗು ತಾನೇ ಹಾಕಿಕೊಳ್ಳತೊಡಗಿತು. ಸುಳ್ಳು ಹೇಳಬಾರದು ಎಂದು ಕಲಿಸಿದ್ದೀಯಲ್ಲ. ಶಾಲೆಯಿಂದ ಬಂದ ಕೂಡಲೇ, ಈಗ ನಮ್ಮ ಜೊತೆಗೇ ಇರುವ ನಮ್ಮವ್ವ "ಏನ ಉಂಡಿ ಕೂಸ?" ಎನ್ನುವಳು. ಕನಕಾ "ಅನ್ನಾ ಸಾರು" ಎಂದು ಹೇಳಿ, ಕೊರಳಿಗೆ ಕೈ ಹಾಕಿ ಗಂಟು ಬಿಗಿಯುವಳು. ಅವ್ವ ಸಂಗತಿಯೆಲ್ಲ ಕೇಳಿಕೊಂಡು ತನ್ನ ಇಳಕಲ್ ಸೀರೆಯ ಸೆರಗು ಮುಂದೆ ಚಾಚಿದಳು. "ನಿನ್ನ ದಾರಕ್ಕ ಯಾಕ? ಇಲ್ಲಿ ಹಾಕು. ನನ್ನ ಯಾವ ಸಾಲಿ ಅಕ್ಕಾರ ನಿಂದ್ರಸ್ತಾರ ನೋಡೂಣು!" ಅಂದಿನಿಂದ ಅಜ್ಜಿ ಮೊಮ್ಮಗಳದು ಅದೇ ಆಟ. ಸೆರಗಿನ ಅಂಚಿನ ಎಳೆಗಳೆಲ್ಲ ಗಂಟೋ ಗಂಟು. "ಇದೇನ ಹನಮವ್ವಾ, ಸೆರಗ ಹಿಂಗ್ಯಾಕ?" ಎಂದು ಪಕ್ಕದ ಮನೆಯ ಕಾಸಿಂಬಿ ಕೇಳಿದರೆ, "ಮೊಮ್ಮಗಳ ಮಾತವಾ, ಕಟ್ಟಿಟ್ಟೇನಿ" ಎನ್ನುವಳು.

ಆಮೇಲೆ ಒಂದು ದಿನ ಶಾಲೆಯ ಮೈದಾನದಲ್ಲಿ ಬಿದ್ದ ತನ್ನ ತರಗತಿಯ ಫೈಜಾನನನ್ನು ಎಬ್ಬಿಸುತ್ತ ಕನಕಾ "ನೋವಾತೇನ?" ಎಂದಳಂತೆ. ಅದಕ್ಕೂ ಗಂಟು ಬಿತ್ತು. ಆ ಶನಿವಾರ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿದಿರಿ. ಮನೆಗೆ ಬಂದವಳು ಅಜ್ಜಿಯ ಕಡೆ ನೋಡಲಿಲ್ಲ. ಅವ್ವ ಸೆರಗು ಚಾಚಿ, "ಹಾಕು ಕೂಸ, ಇನ್ನೂ ಜಾಗ ಐತಿ" ಎಂದಳು. ಮಗು ತಲೆ ಅಲ್ಲಾಡಿಸಿ, "ನೋ ಕನ್ನಡ ಅಜ್ಜಿ, ಪ್ಲೀಸ್" ಎಂದಿತು. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಮಹೇಶ್ವರಿ. ನಾವಿಬ್ಬರೂ ಅವಳಿಗೆ ಕಲಿಸಿದ್ದು ಕನ್ನಡದ ಅಕ್ಷರ ಮಾತ್ರ.

ನಾನು ಆ ದಾರ ಕತ್ತರಿಸಿದೆ. ಸೋಮವಾರದಿಂದ ಕನಕಾ ನಿನ್ನ ಶಾಲೆಗೆ ಬಂದಿಲ್ಲ, ಇನ್ನು ಬರುವುದೂ ಇಲ್ಲ. ಆದರೆ ಈಗಲೂ ಅಜ್ಜಿ ಕರೆದರೆ ಅವಳ ಕೈ ಬರಿಗೊರಳಿಗೆ ಹೋಗುತ್ತದೆ, ಬಾಯಿ ತೆರೆಯುವುದಿಲ್ಲ.

ಊನಾಬಾಯಿ ಹೋದ ಸುದ್ದಿಯನ್ನು ನಿನ್ನೆ ಅವ್ವನಿಗೆ ಹೇಳಿದೆ. ಸತ್ತವರ ಹೆಸರು ಹಿಡಿದು ನಮ್ಮ ಕಡೆ ಹೆಂಗಸರು ಹೇಗೆ ಅಳುತ್ತಾರೆ ನಿನಗೆ ಗೊತ್ತು. ಗೋಡೆಗೆ ಒರಗಿ, ಗಂಟಿನ ಸೆರಗನ್ನು ಮುಖಕ್ಕೆ ಹಚ್ಚಿಕೊಂಡು ಒಂದೇ ಮಾತು ಹೇಳಿ ಹೇಳಿ ಅತ್ತಳು: "ನಿನ್ನ ಕೊಳ್ಳಾಗಿಂದ ತಗದ ಒಗದಿದ್ನಲ್ಲ ತಾಯಿ, ನನ್ನ ಮೊಮ್ಮಗಳ ಕೊಳ್ಳಿಗೆ ಹೆಂಗ ಬಂತು?"

ಇದೇ ನನ್ನ ಉಪನ್ಯಾಸ. ನಿನಗೆ ಇಂಗ್ಲಿಷ್ ಮಾಡಲು ಬರುತ್ತದೆ, ಮಾಡಿ ದೊಡ್ಡವರ ಮುಂದೆ ಓದು. ನಾನು ಬರುವುದಿಲ್ಲ. ಕನಕಾಳ ದಾರ ಈ ಲಕೋಟೆಯಲ್ಲಿದೆ. ಊನಾಬಾಯಿಯ ಫೋಟೋಕ್ಕೆ ಹಾರ ಹಾಕುವ ಹೊತ್ತಿಗೆ ಇದನ್ನು ಹಾಕು. ನಿನ್ನ ಕೈ ಏಳದಿದ್ದರೆ, ಆ ಕಟ್ಟೆಯ ಮೇಲೆ ಅತ್ತ ಹುಡುಗಿ ಇನ್ನೂ ಸತ್ತಿಲ್ಲ ಎಂದುಕೊಳ್ಳುತ್ತೇನೆ.

ದೇವರು ನಿನಗೆ ಮೊಮ್ಮಕ್ಕಳನ್ನು ಕೊಡಲಿ. ಅವು ನಿನ್ನ ಜೊತೆ ಮಾತಾಡಲಿ.

ಒಂದು ಕಾಲದ ನಿನ್ನ ಗೆಳತಿ,
ಲಲಿತಾ