ಕರೆಯಲು ಯಾರು ಹೋದರು?

ಶಹಾಬಾದ
ಮಂಗಳವಾರ, ೧೯-೧೧-೨೦೨೪

ಮಗಳೇ ಸುಶ್ಮಿತಾ,

ನಿನ್ನ ಅತ್ತೆಯ ಕೈ ನಿನ್ನ ತಲೆಯ ಮೇಲಿದೆ ಎಂದುಕೊಂಡು ಇದನ್ನು ಓದು. ಚಿಂಚೋಳಿಯ ಕಡೆ ಚಳಿ ನಮಗಿಂತ ಹೆಚ್ಚಂತೆ. ನಿನಗೆ ಬೆಳಿಗ್ಗೆ ಎದ್ದ ಕೂಡಲೇ ಸೀನು ಹತ್ತುತ್ತವೆ, ತಲೆಗೆ ಬಟ್ಟೆ ಕಟ್ಟಿಕೋ. ನಿಮ್ಮ ಅವ್ವನ ಮೊಣಕಾಲು ಹೇಗಿದೆ? ತಮ್ಮ ಉದಯಕುಮಾರ ಕೆಲಸಕ್ಕೆ ಹೋಗುತ್ತಿದ್ದಾನೆಯೇ? ನನ್ನ ಆರೋಗ್ಯದ ಮಾತು ಕೊನೆಗೆ ಬರೆಯುತ್ತೇನೆ, ಅದಕ್ಕೊಂದು ಕಾರಣವಿದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತದಿದ್ದುದಕ್ಕೆ ನನಗೆ ಸಿಟ್ಟಿಲ್ಲ. ನಾನು ಹಳ್ಳಿ ಶಾಲೆಯಲ್ಲಿ ಏಳನೇ ಇಯತ್ತೆಗೆ ನಿಂತವಳು, ತಪ್ಪಿದ್ದರೆ ತಿದ್ದಿಕೊಂಡು ಓದು. ನಿನ್ನ ಕಾದಂಬರಿಯಲ್ಲಿ ಎಲ್ಲರೂ ಪತ್ರ ಬರೆದೇ ಮನಸ್ಸು ತಿಳಿಸುತ್ತಾರಲ್ಲ, ಹಾಗೇ ನಾನೂ ಕುಳಿತಿದ್ದೇನೆ. ಮಗ್ಗುಲ ಮನೆಯ ನಾಹಿದ ನಾಳೆ ನಿಮ್ಮೂರ ಕಡೆ ಬರುತ್ತಾಳೆ, ಅವಳ ಕೈಯಲ್ಲಿ ಕೊಡುತ್ತೇನೆ.

ನೀನು ಹೋಗಿ ಇವತ್ತಿಗೆ ಹದಿನಾರು ದಿನ. ದೀಪಾವಳಿ ಹಬ್ಬಕ್ಕೆಂದು ನಿನ್ನ ತಮ್ಮ ಬಂದು ಕರೆದುಕೊಂಡು ಹೋದದ್ದರಿಂದ ಓಣಿಯವರಿಗೆ ಮೊದಲು ಏನೂ ಅನ್ನಿಸಲಿಲ್ಲ. ಈಗ ನಳದ ಹತ್ತಿರ ನಿಂತರೆ ಒಬ್ಬರಲ್ಲ ಒಬ್ಬರು ಕೇಳುತ್ತಾರೆ, “ಸೊಸಿ ಇನ್ನಾ ಬಂದಿಲ್ಲೇನ್ರಿ?” ನಾನು ಕೊಡ ತುಂಬುವುದನ್ನೇ ನೋಡುತ್ತ ನಿಲ್ಲುತ್ತೇನೆ. ಮಧ್ಯಾಹ್ನ ರೊಟ್ಟಿ ಮುಗಿದು ಒಲೆ ಆರಿದ ಹೊತ್ತು ಮಾತ್ರ ಕಳೆಯಲಾಗುವುದಿಲ್ಲ. ಅದು ನೀನು ನೋಟುಬುಕ್ಕು ತಂದು ಕೂರುತ್ತಿದ್ದ ಹೊತ್ತು. ನಾನು ಜೋಳ ಹಸನು ಮಾಡುತ್ತಿದ್ದೆ, ನೀನು ಓದುತ್ತಿದ್ದೆ. ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡು, ಅಲ್ಲೊಬ್ಬ ದೊರೆ, ಅವನ ಸಾರೋಟು, ಅವನು ಮದುವೆಯಾದ ಬಡವರ ಮಗಳು ಮಾರ್ಗರೆಟ್. ಆ ಹೆಸರು ನನ್ನ ಬಾಯಿಗೆ ಒಗ್ಗದೆ ನಾನು ಮಾರ್ಗವ್ವ ಎಂದೆ, ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಂಥ ಕತೆ ಬರೆದು ವಾರಕ್ಕೊಂದು ಅಧ್ಯಾಯ ಫೋನಿನಲ್ಲಿ ಹಾಕುವ ಸೊಸೆ ಇಡೀ ಶಹಾಬಾದಿನಲ್ಲಿ ನನಗೊಬ್ಬಳಿಗೇ ಸಿಕ್ಕಿದ್ದಳು.

ನಿನಗೆ ನೆನಪಿದೆಯೋ ಇಲ್ಲವೋ, ಕಡ್ಡಿಪೆಟ್ಟಿಗೆಯ ದಿನ ನೀನು ಊಟ ಬಿಟ್ಟಿದ್ದೆ. ಮಾರ್ಗವ್ವ ಕಡ್ಡಿ ಗೀರಿ ಮೇಣಬತ್ತಿ ಹಚ್ಚಿದಳು ಎಂದು ಬರೆದಿದ್ದೆ. ಆ ಕಾಲದಲ್ಲಿ ಕಡ್ಡಿಪೆಟ್ಟಿಗೆ ಎಲ್ಲಿತ್ತು ಎಂದು ಯಾರೋ ಓದುಗರು ಕೇಳಿದ್ದರು. “ಕತಿನೇ ಸುಳ್ಳಾತು ನೋಡ್ರಿ ಅತ್ತಿ” ಎಂದು ಮೂಲೆ ಹಿಡಿದೆ. ಆಗ ನಾನು ರಾವೂರಿನ ನಮ್ಮ ಅಜ್ಜಿಯ ಮಾತು ಹೇಳಿದೆ. ಮಳೆಗಾಲದಲ್ಲಿ ಕಡ್ಡಿ ತಂಪು ಹಿಡಿದು ಕೆಟ್ಟರೆ ಅವಳು ಚಕಮಕಿ ಕಲ್ಲು ತೆಗೆಯುತ್ತಿದ್ದಳು. ಹತ್ತು ಸಲ ಬಡಿಯಬೇಕು, ಒಂದು ಕಿಡಿ ಅರಳೆಗೆ ಹಿಡಿಯಬೇಕು, ಅದನ್ನು ಮೆಲ್ಲಗೆ ಊದಬೇಕು. ಕಡ್ಡಿಯಾದರೆ ಗೀರಿದ ಕೂಡಲೇ ಬೆಳಕು. ಚಕಮಕಿಯಾದರೆ ಬೆಳಕು ಬರುವವರೆಗೆ ದೊರೆ, ಮಾರ್ಗವ್ವ ಇಬ್ಬರೂ ಕತ್ತಲೆಯಲ್ಲಿ ಒಬ್ಬರ ಉಸಿರು ಒಬ್ಬರು ಕೇಳುತ್ತ ನಿಲ್ಲಬೇಕಲ್ಲ ಎಂದೆ. ನೀನು ಎದ್ದು ಬಂದು ನನ್ನ ಗಲ್ಲ ಹಿಂಡಿದೆ. ಚಕಮಕಿ ಹಾಕಿ ತಿದ್ದಿದ ಆ ಅಧ್ಯಾಯವನ್ನೇ ಎಲ್ಲಕ್ಕಿಂತ ಹೆಚ್ಚು ಜನ ಓದಿದರು ಎಂದು ನಾಹಿದಳೂ ಹೇಳಿದ್ದಳು. ಆಮೇಲೆ ನೀನು ಪ್ರತಿಯೊಂದಕ್ಕೂ ನನ್ನನ್ನೇ ಕೇಳತೊಡಗಿದೆ. ವಾಡಿ ಸ್ಟೇಷನ್ನಿನಲ್ಲಿ ಟಾಂಗಾ ಹೊಡೆದ ಹಣಮಪ್ಪನ ಮಗಳು ನಾನು. ದೊರೆಯ ಕುದುರೆ ಇಡೀ ದಿನ ನೀರು ಕುಡಿಯದೆ ಓಡಿತು ಎಂದರೆ ಸುಮ್ಮನಿರಲಾದೀತೇ?

ಆದರೆ ಇಪ್ಪತ್ತೊಂದನೇ ಅಧ್ಯಾಯಕ್ಕೆ ನಮಗೆ ಜಗಳವೇ ಆಯಿತು. ದೊರೆ ಊಟಕ್ಕೆ ಕೂತ ಹತ್ತು ಜನರ ಎದುರು ಮಾರ್ಗವ್ವನ ತವರನ್ನು ಹಳಿದ, ಅವಳು ಮನೆ ಬಿಟ್ಟು ಸೋದರಮಾವನ ಊರಿಗೆ ಹೋದಳು. ಅಲ್ಲಿಯವರೆಗೆ ಸರಿ. ಎಂಟು ದಿನಕ್ಕೆ ಮಳೆಯಲ್ಲಿ ನೆನೆಯುತ್ತ ತಾನೇ ತಿರುಗಿ ಬಂದಳು ಎಂದು ಓದಿದೆಯಲ್ಲ, ನಾನು ಜೋಳದ ಮೊರ ಕೆಳಗಿಟ್ಟೆ. “ಕರಿಲಿಕ್ಕ ಯಾರು ಹೋಗಿದ್ರು?” ಎಂದೆ. “ಅವ್ರ ದೇಶದಾಗ ಕರಿಲಿಕ್ಕ ಹೋಗೋ ಪದ್ಧತಿ ಇಲ್ರಿ ಅತ್ತಿ.” “ಪದ್ಧತಿ ಇರ್ಲಿಕ್ರ ಬಿಡು, ಮರ್ಯಾದಿ ಇತ್ತಿಲ್ಲೋ?” ನೀನು ಯೋಚನೆ ಮಾಡಿ, “ಹಂಗಾರ ದೊರಿ ತಾಯಿಗಿ ಜಡ್ಡು ಬಂತಂತ ಬರೀಲೇನ್ರಿ? ಓಡಿ ಬರ್ತಾಳ” ಎಂದೆ. “ಆ ಮುದುಕಿಗಿ ಯಾಕ ಜಡ್ಡು ತರ್ತಿ? ಆಕಿ ಗಟ್ಟಿ ಇರ್ಲಿ. ಅಂದಾಂವ ಯಾರು? ಅಂವನೇ ಹೋಗ್ಲಿ, ಹತ್ತು ಮಂದಿ ಮುಂದ ಅಂದಾನ, ಹತ್ತು ಮಂದಿ ಮುಂದೇ ಕರಿಲಿ” ಎಂದೆ. ನೀನು ಆ ಹಾಳೆ ಹರಿದೆ. ಹೊಸದು ಬರೆಯುವ ಮೊದಲೇ ಹಬ್ಬ ಬಂತು.

ಪಾಡ್ಯದ ದಿನದ್ದು ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯಬೇಕು. ನನ್ನ ಮಗ ದೇವಾನಂದನ ಜೊತೆ ಕಲ್ಲು ಪಾಲಿಶ್ ಮಾಡುವವರೆಲ್ಲ ಊಟಕ್ಕೆ ಬಂದಿದ್ದರು. ಅವನು ನಿನ್ನ ಫೋನು ತೆಗೆದು ಆ ಚಕಮಕಿಯ ಅಧ್ಯಾಯವನ್ನೇ ನಾಟಕದ ದನಿಯಲ್ಲಿ ಓದಿದ. “ನೋಡ್ರಪಾ, ನಮ್ಮ ಮನಿಗಿ ಬಿಳೀ ದೊರಿ ಬರಲಿಕತ್ಯಾನ. ಕತ್ತಲದಾಗ ನಿಂತು ಉಸಿರು ಬಿಡ್ತಾನಂತ!” ಎಲ್ಲರೂ ನಕ್ಕರು. “ಇದೆಲ್ಲಾ ಎಲ್ಲಿ ಕಲ್ತಿ? ಯಾರ ಕೂಡ ನಿಂತಿದ್ದಿ?” ಎಂದು ನಿನ್ನನ್ನು ಕೇಳಿದ. ಹೋಳಿಗೆಯ ತಾಟು ಹಿಡಿದುಕೊಂಡು ನೀನು ನನ್ನ ಕಡೆ ನೋಡಿದೆ. ಆ ಚಕಮಕಿ ನನ್ನ ಅಜ್ಜಿಯದು, ಆ ಕತ್ತಲೆ ನಾನು ಹೇಳಿದ್ದು ಎಂದು ಒಂದು ಮಾತು ಅನ್ನಬೇಕಿತ್ತು. ಮಗನ ಗೆಳೆಯರ ಎದುರು ಐವತ್ತು ವರ್ಷದ ಹೆಂಗಸು ಅಂಥ ಮಾತು ಹೇಳುವುದು ಹೇಗೆ ಎಂದು ನಾನು ಬಗ್ಗಿ ಎಲೆಗೆ ತುಪ್ಪ ಬಡಿಸಿದೆ. ಅವನು ಅಲ್ಲೇ ಕೂತು ಇಪ್ಪತ್ತೂ ಅಧ್ಯಾಯ ಅಳಿಸಿದ. ನಿನ್ನ ಕಣ್ಣು ಆಗಲೂ ನನ್ನ ಮೇಲೇ ಇತ್ತು. ನಾಗಾವಿ ಯಲ್ಲಮ್ಮನ ಮುಂದೆ ಕೂತರೂ ಈಗ ನನಗೆ ಆ ಕಣ್ಣೇ ಕಾಣುತ್ತದೆ.

ಮೊನ್ನೆ ಅವನಿಗೆ ಎಲ್ಲ ಹೇಳಿದೆ. ತಡವಾಗಿ ಹೇಳಿದೆ. ಅವನು ತಾಟು ಸರಿಸಿ ಎದ್ದ. ಕರೆಯಲು ಹೋಗಪ್ಪಾ ಎಂದರೆ, “ತಾನೇ ಹೋಗ್ಯಾಳ, ತಾನೇ ಬರ್ತಾಳ” ಎನ್ನುತ್ತಾನೆ. ನೀನಿಲ್ಲದೆ ಅವನ ಮುಖವೂ ಇಳಿದಿದೆ, ಆದರೆ ಬಾಯಿ ಇಳಿದಿಲ್ಲ. ಹೆತ್ತವಳ ಮಾತು ನಡೆಯುವುದು ಎಲ್ಲಿಯವರೆಗೆ ಎಂದು ನನಗೀಗ ಗೊತ್ತಾಯಿತು. ನಾನೇ ಬಂದು ಕರೆಯಬಹುದಿತ್ತು. ಬಂದರೆ ನೀನು ನನ್ನ ಮುಖ ನೋಡಿ ನನ್ನ ಜೊತೆ ಹೊರಟುಬಿಡುತ್ತೀ, ಅವನು ಆಡಿದ್ದು ಹಾಗೇ ಉಳಿಯುತ್ತದೆ. ಬರದೆ ಕೂತರೆ ಮನೆ ಹೀಗೆ. ಯಾವುದೂ ತೋಚದೆ ದೀಪಕ್ಕೆ ಎಣ್ಣೆ ಹಾಕುತ್ತೇನೆ.

ನಿನ್ನ ನೋಟುಬುಕ್ಕುಗಳನ್ನು ಅವನಿಗೆ ಕಾಣದಂತೆ ದೇವರ ಜಗಲಿಯ ಕೆಳಗಿಟ್ಟಿದ್ದೆ. ಫೋನಿನಲ್ಲಿ ಅಳಿಸಿದ್ದೆಲ್ಲ ಅವುಗಳಲ್ಲಿದೆ. ನಾಹಿದಳ ಚೀಲದಲ್ಲಿ ಕಳಿಸುತ್ತಿದ್ದೇನೆ. ಒಂದರ ಮೇಲೆ ಕುಂಕುಮ ಚೆಲ್ಲಿದೆ, ಬೇಜಾರಾಗಬೇಡ.

ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ಹೇಳು. ತಾಯಿ ಯಲ್ಲಮ್ಮ ನಿನ್ನ ಕೈಗೆ ಶಕ್ತಿ ಕೊಡಲಿ, ನನ್ನ ಮಗನಿಗೆ ಬುದ್ಧಿ ಕೊಡಲಿ.

ನಿನ್ನ ಅತ್ತೆ,
ಅಮೃತಮ್ಮ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ದೇವಾನಂದ ಹೊರಗೆ ಗಾಡಿ ನಿಲ್ಲಿಸಿದ ಸದ್ದಾಯಿತು. ಈ ಹಾಳೆ, ಪೆನ್ನು ತಂದುಕೊಟ್ಟವನು ಅವನೇ. “ನನಗ ಭಾಳ ಆರಾಮಿಲ್ಲ, ಹಾಸಿಗಿ ಹಿಡದೀನಿ ಅಂತ ಬರಿ, ಓಡಿ ಬರ್ತಾಳ” ಎಂದು ಹೇಳಿಕೊಟ್ಟು ಹೋಗಿದ್ದ. ನಾಳೆ ಬೇರೆ ಯಾರ ಬಾಯಿಂದಲಾದರೂ ನಿನಗೆ ಆ ಸುದ್ದಿ ಮುಟ್ಟೀತು. ನಂಬಬೇಡ, ಬರಬೇಡ. ಅವನು ಬಂದು ಕರೆಯುವವರೆಗೆ ಮಾರ್ಗವ್ವನನ್ನೂ ಕಳಿಸಬೇಡ. ಮುದುಕಿ ಗಟ್ಟಿ ಇದ್ದಾಳೆ.