ನೀನು ತಂದ ವ್ಯಾನಿನಲ್ಲಿ ಕಕ್ಕಸು ಕೂರಿಸಿದೆ

ಜಯಕ್ಕ,

ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಕಾಗದ ಇದು. ತಪ್ಪಿದ್ದರೆ ತಿದ್ದಿಕೊಂಡು ಓದು, ನಗಬೇಡ. ನೀನು ಹೋಗಿ ವರ್ಷದ ಎಡೆಯೂ ಆಯಿತು, ಇನ್ನೆಷ್ಟು ದಿನ ಬಾಯಿ ಮುಚ್ಚಿಕೊಂಡಿರಲಿ? ನೀನು ಹಿತ್ತಲಲ್ಲಿ ತಂದು ನಿಲ್ಲಿಸಿದ ವ್ಯಾನು ಗುಜರಿಗೂ ಹೋಗಲಿಲ್ಲ, ಗೋಬಿ ಮಂಚೂರಿ ಅಂಗಡಿಯೂ ಆಗಲಿಲ್ಲ. ಒಳಗೆ ಮಂಚ ಬಂದಿದೆ, ಒಲೆ ಬಂದಿದೆ, ಮೂಲೆಯಲ್ಲಿ ಕಕ್ಕಸೂ ಬಂದಿದೆ. ಬೇಡ ಅಂದವರ ಕಣ್ಣೆದುರಿಗೇ ಕೂರಿಸಿದೆ.

ಅದನ್ನ ನೀನು ಮೊದಲು ನೋಡಿ ಬಂದ ಸಂಜೆ ಇನ್ನೂ ಕಣ್ಣಲ್ಲಿದೆ. ಬೀಚನಹಳ್ಳಿಯ ತಮ್ಮನ ಮನೆಯಿಂದ ಬಂದವಳು ಕೈಕಾಲು ಕೂಡ ತೊಳೆಯದೆ, ನಾನು ಅವರೆಕಾಯಿ ಬಿಡಿಸುತ್ತಿದ್ದ ಮೊರದ ಪಕ್ಕ ಕೂತೆ. "ಗೌರಿ, ಆ ಹಿನ್ನೀರಿನ ರೆಸಾರ್ಟಲ್ಲಿ ಒಂದು ವ್ಯಾನು ಅದೆ ಕಣೆ. ಅದ್ರೊಳಗೇ ಮಲಿಕತಾರಂತೆ, ಅದ್ರೊಳಗೇ ಬೇಯಿಸ್ಕತಾರಂತೆ" ಅಂದೆ. ಅದಕ್ಕೇನೀಗ ಅಂದೆ ನಾನು. ನೀನು ಸುತ್ತ ನೋಡಿ, ದನಿ ತಗ್ಗಿಸಿ, "ಅದ್ರೊಳಗೇ ಕಕ್ಕಸೂ ಅದೆ" ಅಂದೆ. ನನ್ನ ಕೈ ನಿಂತುಬಿಟ್ಟಿತು. ಬೇರೆಯವರಿಗೆ ಇದು ನಗೋ ಮಾತು. ನಮಗೆ?

ಕೆ.ಆರ್. ನಗರದ ಮದುವೆಗೆ ಹೋಗಿದ್ದೆವಲ್ಲ, ನೆನೆಸಿಕೊ. ಹಿಂದಿನ ಸಂಜೆಯಿಂದ ಇಬ್ಬರೂ ಗುಟುಕು ನೀರು ಮುಟ್ಟಿರಲಿಲ್ಲ. ಬಸ್ಸು ಹತ್ತೋ ದಿನ ನಮ್ಮೂರ ಹೆಂಗಸರೆಲ್ಲ ಮಾಡೋದೇ ಅದು, ಯಾವ ದೇವರ ಹೆಸರೂ ಇಲ್ಲದ ಉಪವಾಸ. ಅಷ್ಟಾದರೂ ವಾಪಸ್ಸು ಬರುವಾಗ ನಿನಗೆ ತಡೆಯಲಾಗಲಿಲ್ಲ. ಬಸ್ಸು ನಿಲ್ಲಿಸಿದೆವು. ಬೇಲಿಯ ಹತ್ತಿರ ನಾನು ಸೆರಗು ಅಗಲ ಮಾಡಿ ಮರೆ ನಿಂತೆ. ಡ್ರೈವರ್ರು ಹಾರನ್ನು ಹೊಡೆದ, ಒಳಗೆ ಯಾರೋ ಕಿಸಕ್ ಅಂದರು. ಆಮೇಲೆ ನೀನು ತವರು ಬಿಟ್ಟರೆ ಎಲ್ಲಿಗೂ ಹೊರಡಲಿಲ್ಲ. ನಿನ್ನ ಗಂಡ, ನಮ್ಮ ಭಾವ, ಮನಸ್ಸು ಮಾಡಿದ್ದರೆ ಕಾರು ಮಾಡಿಕೊಂಡು ಕರೆದೊಯ್ಯಬಹುದಿತ್ತು. ಆದರೆ ಅವರು ನಿನ್ನ ಕಡೆ ಯಾರ ಮದುವೆಗೂ ಎದ್ದು ಬಂದವರಲ್ಲ. "ಅವ್ರಿಗೆ ನನ್ ಕಡೆಯವ್ರು ಅಂದ್ರೆ ಕಸ ಕಣೆ" ಅಂತಿದ್ದೆ. ನಾನೂ ಹೌದು ಅಂತಿದ್ದೆ.

ರೆಸಾರ್ಟಿನವರು ಆ ವ್ಯಾನು ಹಳೇದಾಯಿತು ಅಂತ ಗಿಡಗಂಟಿಯೊಳಗೆ ತಳ್ಳಿದಾಗ ನೀನು ಬಿಟ್ಟೆಯಾ? ತಮ್ಮನ ಕೈಲಿ ಕೇಳಿಸಿ, ಟ್ರ್ಯಾಕ್ಟರಿಗೆ ಕಟ್ಟಿಸಿ, ಹನಗೋಡಿನ ತನಕ ಎಳೆಸಿಕೊಂಡು ಬಂದೆ. ಊರೆಲ್ಲ ನೋಡೋಕೆ ನಿಂತಿತ್ತು. "ರಾಗಿ ಕುಯ್ಲು ಮುಗೀಲಿ, ಒಳಗೆಲ್ಲ ಸರಿ ಮಾಡಿಸಾನ" ಅಂದವಳು, ಕುಯ್ಲಿಗೆ ಮುಂಚೆ ಜ್ವರ ಅಂತ ಮಲಗಿ...

ಇರಲಿ. ಜಗಳದ ವಿಷಯ ಹೇಳುತ್ತೀನಿ. ಈ ಮನೆಗೆ ಬಂದಾಗಿನಿಂದ ನಾನು ಭಾವನ ಎದುರು ಬಾಯಿ ಬಿಟ್ಟವಳಲ್ಲ. ಅವರ ತಮ್ಮನ ಹೆಂಡತಿ ನಾನು ಬಾಗಿಲ ಹಿಂದೆ, ಭಾವ ಜಗಲಿ ಮೇಲೆ, ನಡುವೆ ನೀನು. ನನ್ನ ಮಾತಿನ ಖಾರ ತೆಗೆದು ಅವರಿಗೆ ಹೇಳುತ್ತಿದ್ದೆ, ಅವರ ಮಾತಿನ ಮುಳ್ಳು ತೆಗೆದು ನನಗೆ. ನೀನು ಹೋದ ಮೇಲೆ ಆ ಕೆಲಸ ನಿನ್ನ ಸೊಸೆ ಸವಿತಳ ತಲೆಗೆ ಬಿತ್ತು. ಒಂದು ಬೆಳಿಗ್ಗೆ ಅವಳು ಗೂಡ್ಸ್ ಆಟೋಗೆ ಹಾಲಿನ ಕ್ಯಾನು ಹತ್ತಿಸುತ್ತಿದ್ದಳು. ಜಗಲಿ ಮೇಲಿಂದ ಭಾವ ಶುರು ಮಾಡಿದರು.

"ಸವಿತ, ನಿಮ್ ಚಿಕ್ಕತ್ತೆಗೆ ಯೇಳು. ಪಿರಿಯಾಪಟ್ಟಣದಿಂದ ಒಬ್ಬ ಬತ್ತಾನೆ, ಗೋಬಿ ಅಂಗ್ಡಿ ಮಾಡಕ್ಕೆ ವ್ಯಾನು ಬೇಕಂತೆ."

"ಸವಿತ, ನಿಮ್ ಮಾವಂಗೆ ಯೇಳು. ಅಕ್ಕ ಅದನ್ನ ಗೋಬಿ ಕರಿಯಕ್ಕೆ ತಂದಿಲ್ಲ."

"ಒಲೆ ಪಕ್ಕದಲ್ಲೇ ಕಕ್ಕಸು ಇಟ್ರೆ ಆ ಅನ್ನ ಯಾವ ದೇವ್ರು ಮುಟ್ತಾನೆ ಅಂತ ಕೇಳು."

ಸವಿತ ಕ್ಯಾನು ಕುಕ್ಕಿದಳು. "ಇಬ್ರೂ ಎರಡು ಮಾರು ದೂರದಲ್ಲಿದ್ದೀರಿ. ನಾನೇನು ಪೋಸ್ಟ್‌ಮ್ಯಾನಾ? ಡೈರಿಗೆ ಹೊತ್ತಾಯ್ತು." ತಾನೇ ಆಟೋ ಓಡಿಸಿಕೊಂಡು ಹೋಗೇ ಬಿಟ್ಟಳು. ನಿನ್ನ ಮಗ "ಅಪ್ಪ ಒಪ್ಪಿದ್ರೆ ನಂದೇನಿಲ್ಲ" ಅಂತ ಜಾರಿಕೊಂಡ. ಅವನು ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಹೌದೇನಕ್ಕ?

ಅವತ್ತು ನಾನು ಬಾಗಿಲು ದಾಟಿದೆ. ಭಾವನ ಎದುರಿಗೇ ನಿಂತೆ. "ಮನೇಲಿ ಕಕ್ಕಸು ಕಟ್ಟೋಕ್ ಮುಂಚೆ ಆನೆ ತಿರುಗೋ ಹೊಲದ ಅಂಚಿಗೆ ಚೊಂಬು ಇಡ್ಕಂಡು ಹೋಗ್ತಿದ್ವಲ್ಲ, ಆಗ ಯಾವ ದೇವ್ರು ನಮ್ ಜೊತೆಗೆ ಬತ್ತಿದ್ದ ಭಾವ?" ಅಂದೆ. ಅವರು ಟವೆಲು ಕೊಡವಿ ಎದ್ದು ಹೋದರು.

ಮಾರನೇ ದಿನದಿಂದ ಸವಿತ, ನಾನು ವ್ಯಾನಿಗೆ ಕೈ ಹಾಕಿದೆವು. ಒಳಗೆ ಪ್ಲೈವುಡ್ಡು ನೆನೆದ ಅವಲಕ್ಕಿಯ ಹಾಗೆ ಉಬ್ಬಿತ್ತು. ಸ್ಪಂಜಿನ ಹಾಸಿಗೆಯಲ್ಲಿ ಇಲಿ ಮರಿ ಹಾಕಿತ್ತು, ಒಲೆಯ ಗೂಡಲ್ಲಿ ನಿನ್ನ ಕೆಂಪು ಕೋಳಿ ಕಾವಿಗೆ ಕೂತಿತ್ತು. ಎಲ್ಲ ಕಿತ್ತು ಬಯಲು ಮಾಡಿದೆವು. ಹುಣಸೂರಿನಿಂದ ವೆಲ್ಡರ್ ಬಂದು ತೂತು ಬಿದ್ದ ತಳಕ್ಕೆ ತಗಡು ಹೊಡೆದ, ಮೆಕ್ಯಾನಿಕ್ಕು ಇಂಜಿನ್ನು ಎಬ್ಬಿಸಿದ. ಮರದ ಕೆಲಸಕ್ಕೆ ನಮ್ಮ ನಾಗಾಚಾರಿ. ಮಂಚದ ಕೆಳಗೆ ಪಾತ್ರೆ ಇಡೋ ಪೆಟ್ಟಿಗೆ ಮಾಡಿದ, ಗೋಡೆಗೆ ಮಡಚೋ ಹಲಗೆ ಕೂರಿಸಿದ. ನಾನು ಸಂತೆಗೆ ಹೋಗಿ ಬರೋದರೊಳಗೆ ಕಕ್ಕಸಿನ ಜಾಗದಲ್ಲಿ ಚೆಂದದ ದೇವರ ಗೂಡು ಎದ್ದು ನಿಂತಿತ್ತು, ಎರಡು ಪುಟ್ಟ ಕಂಬ, ಮೇಲೆ ಕಳಶ.

"ಯಾರು ಯೇಳಿದ್ದು?" ಅಂದೆ.

"ನಿಮ್ ಭಾವ್ನೋರು. ದೇವ್ರ ಜಾಗ, ಇನ್ ಕೀಳಂಗಿಲ್ಲ ಕಣಮ್ಮ."

ಬುದ್ಧಿ ನೋಡು ಅವರದು! "ಫೋಟೊ ಇಡೋ ತನಕ ಅದು ಹಲಗೆ ಕಣಪ್ಪ, ಬಿಚ್ಚು" ಅಂದೆ. ಬಿಚ್ಚಿಸಿ, ಅಲ್ಲಿ ಕಕ್ಕಸು ಕೂರಿಸಿ, ಆ ಗೂಡನ್ನ ಡ್ರೈವರ್ ಸೀಟಿನ ಮೇಲ್ಗಡೆ ಹೊಡೆಸಿದೆ. ವ್ಯಾನಿಗೆ ದೇವರು ಬೇಕಾದ ಜಾಗ ಅದೇ ಅಲ್ಲವಾ? ಆ ಸಿಟ್ಟಿಗೋ ಏನೋ ಆಚಾರಿ ಕಕ್ಕಸಿನ ಬಾಗಿಲನ್ನ ಒಳಕ್ಕೆ ತೆರೆಯೋ ಹಾಗೆ ಇಟ್ಟ. ಒಳಗೆ ಕೂತರೆ ಮಂಡಿ ತಗುಲಿ ಬಾಗಿಲು ಮುಚ್ಚದು. "ಬಾ, ನೀನೇ ಕೂತು ತೋರ್ಸು" ಅಂದೆ. ಕೂತ. ಎದ್ದು ಜಾರೋ ಬಾಗಿಲು ಮಾಡಿಕೊಟ್ಟ.

ಮೊನ್ನೆ ಮಧ್ಯಾಹ್ನ ನಾನು ಆ ಕಕ್ಕಸನ್ನೇ ಉಜ್ಜುತ್ತಿದ್ದೆ. ಭಾವ ಬಂದು ವ್ಯಾನಿನ ಹೊರಗೆ ನಿಂತರು. ಅಭ್ಯಾಸಬಲ, ಸವಿತಳನ್ನ ಹುಡುಕಿದರು. "ಸವಿತ ಇಲ್ಲ. ನಂಗೇ ಯೇಳಿ" ಅಂದೆ. ಟೈರು ನೋಡಿಕೊಂಡು ಕೇಳಿದರು: "ಅದು... ಗಂಡಸ್ರಿಗೂ ಆಯ್ತದಾ?"

ನಾನು ಬ್ರಷ್ಷು ಕೆಳಗಿಟ್ಟೆ.

"ನಂಗೆ ತಡಿಯಕ್ಕಾಗಕಿಲ್ಲ ಗೌರಮ್ಮ. ಬೋ ವರ್ಷದಿಂದ. ಕೂತ ಕಡೆ ಕೂರಂಗಿಲ್ಲ. ಅವಳ ಕಡೆಯವ್ರ ಮುಂದೆ ಪಂಚೆ ಒದ್ದೆ ಆದ್ರೆ ಮೊಕ ಎಲ್ಲಿಡ್ಲಿ?"

"ಅಕ್ಕನಿಗೆ ಯೇಳ್ಲಿಲ್ವಾ?"

"ಎಂಗೆ ಯೇಳದು."

ಇದು ನಿನಗೆ ಗೊತ್ತಿರದ ಸುದ್ದಿ ಅಕ್ಕ. ನಿನ್ನ ಕಡೆಯವರು ಅವರಿಗೆ ಕಸ ಆಗಿರಲಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರಿಗೂ ಅದೇ ತಾಪತ್ರಯ, ಇಬ್ಬರ ಬಾಯಿಗೂ ಬೀಗ. ನನಗೆ ಕನಿಕರ ಬರಲಿಲ್ಲ, ಸಿಟ್ಟೇ ಬಂತು. "ಒಂದ್ ಮಾತು ಆಡಿದ್ರೆ ಅವಳು ಅಷ್ಟ್ ವರ್ಷ ನಿಮ್ಮನ್ನ ಬಯ್ಕಂಡು ಬದುಕ್ತಿರ್ಲಿಲ್ವಲ್ಲ ಭಾವ" ಅಂತ ಮುಖಕ್ಕೆ ಹೇಳಿಬಿಟ್ಟೆ. ಈ ಸಲ ಅವರು ಟವೆಲು ಕೊಡವಿ ಹೊರಟು ಹೋಗಲಿಲ್ಲ. ನೀನಾಗಿದ್ದರೆ ಏನು ಅನ್ನುತ್ತಿದ್ದೆಯೋ... ಕ್ಷಮಿಸು ಅಂತ ನಾನು ಶಿಫಾರಸು ಮಾಡೋದಿಲ್ಲ. ಅದು ನಿಮ್ಮಿಬ್ಬರ ವಿಷಯ. "ಆಗ್ತದೆ, ಗಂಡಸ್ರಿಗೂ ಆಗ್ತದೆ. ತೊಳೆಯೋ ಸರದಿ ಮಾತ್ರ ನಿಮ್ಗೂ ಬತ್ತದೆ" ಅಂದೆ. ಹೂಂ ಅಂದರು.

ಸೋಮವಾರ ಸರಗೂರಿನ ಛತ್ರದಲ್ಲಿ ನಿನ್ನ ತಮ್ಮನ ಮಗಳ ಮದುವೆ. ಸವಿತ ವ್ಯಾನು ಓಡಿಸುತ್ತಾಳೆ. ನಿನ್ನ ಗಂಡನನ್ನ ನಿನ್ನ ಕಡೆಯವರ ನಡುವೆ ಮುಂದಿನ ಸಾಲಲ್ಲಿ ಕೂರಿಸುತ್ತೀನಿ, ಧಾರೆ ಮುಗಿಯೋ ತನಕ. ವ್ಯಾನು ಛತ್ರದ ಬಾಗಿಲಲ್ಲೇ ನಿಂತಿರುತ್ತೆ. ಎಷ್ಟು ಸಲ ಬೇಕಾದರೂ ಎದ್ದು ಹೋಗಿ ಬರಲಿ. ಯಾರಾದರೂ ಕಿಸಕ್ ಅಂದರೆ, ನಾನಿದ್ದೀನಿ.

ನಿನ್ನ
ಗೌರಿ