ಹಸಿರು ಪೊಟ್ಟಣದ ತಪ್ಪಲ್ಲ

ತೈನಾನ್,
ಶುಕ್ರವಾರ, ೧೪ ನವೆಂಬರ್ ೨೦೨೫

ಅಪ್ಪನಿಗೆ ಪೈ-ಯುನ್ ಮಾಡುವ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಆ ಬಾಡಿಗೆ ಮನೆಯ ನಾಲ್ಕು ಮಹಡಿಯನ್ನು ದಿನಕ್ಕೆ ಒಂದೇ ಸಲ ಹತ್ತಿ ಇಳಿಯಿರಿ. ನಾನಂತೂ ಸಿಟ್ಟಿನಲ್ಲಿದ್ದೇನೆ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಪತ್ರ.

ಕಳೆದ ವಾರ ಸೋಮವಾರ ನಿಮ್ಮ ಹೊಸ ಕಟ್ಟಡದ ಉಕ್ಕಿನ ಗೋಡೆಯ ಮಾದರಿಯನ್ನು ನಮ್ಮ ಪ್ರಯೋಗಾಲಯದಲ್ಲಿ ಅಲುಗಾಡಿಸಿದೆವು. ಭೂಕಂಪದಲ್ಲಿ ಅದರ ತೆಳು ತಗಡು ಸುಕ್ಕಾಗಿ ಪೆಟ್ಟು ನುಂಗಬೇಕು, ಬಿಗಿದ ಕೇಬಲ್‌ಗಳು ಚೌಕಟ್ಟನ್ನು ಮತ್ತೆ ನೆಟ್ಟಗೆ ಎಳೆಯಬೇಕು. ನಾನು ಲೆಕ್ಕ ಹಾಕಿದ್ದ ಕೇಬಲ್‌ಗಳಲ್ಲಿ ಅರ್ಧವನ್ನು ನಿಮ್ಮ ಗುತ್ತಿಗೆದಾರ ಕೋ ತೆಗೆಸಿಬಿಟ್ಟಿದ್ದ. ಗೋಡೆ ಎರಡು ಬೆರಳಿನಷ್ಟು ವಾಲಿ ಹಾಗೇ ನಿಂತಿತು. ಆಗ ಆ ಮಹಾನುಭಾವ ಮಾಡಿದ್ದೇನು ಗೊತ್ತೇ? ಯಂತ್ರ ಮಾತು ಕೇಳಲೆಂದು ನಾವೆಲ್ಲ ಅದರ ಮೇಲೆ ಇಡುತ್ತೇವಲ್ಲ, ಆ ಹಸಿರು ತಿಂಡಿ ಪೊಟ್ಟಣವನ್ನು ಎತ್ತಿ ತಿರುಗಿಸಿ, "ಅಯ್ಯೋ, ಇದರ ತಾರೀಕು ಮುಗಿದು ಎರಡು ತಿಂಗಳಾಯ್ತಲ್ಲಮ್ಮ! ಗೋಡೆಗೆ ಮುನಿಸು ಬರದೆ ಇರತ್ತಾ?" ಎಂದ. ಎಲ್ಲರೂ ನನ್ನ ಮುಖ ನೋಡಿದರು. ಪೊಟ್ಟಣ ಇಟ್ಟವಳು ನಾನೇ, ತಾರೀಕು ನೋಡದ್ದು ನನ್ನ ತಪ್ಪೇ. ಆದರೆ ಭಾನುವಾರ ಮನೆಗೆ ಬಂದರೆ ನೀವೂ ಗೆಣಸಿನ ಗಂಜಿ ಬಡಿಸುತ್ತ, "ಹೊಸಾದೊಂದು ಇಟ್ಬಿಡೇ, ಎಲ್ಲಾ ಸರಿಹೋಗತ್ತೆ. ಬೀಳಲ್ಲ ಅಂತ ಕೋ ಹೇಳಿದಾನಲ್ಲ!" ಎಂದಿರಿ. ಮೈಯೆಲ್ಲ ಉರಿದುಹೋಯಿತು.

ಬೀಳುವುದಿಲ್ಲವಂತೆ! ಹುವಾಲಿಯೆನ್‌ನ ನಮ್ಮ ಹಳೆಯ ಕಟ್ಟಡವೂ ಕಳೆದ ವರ್ಷದ ಭೂಕಂಪಕ್ಕೆ ಬೀಳಲಿಲ್ಲ ಅಪ್ಪ. ವಾಲಿತು, ಅಷ್ಟೇ. ಅಷ್ಟಕ್ಕೇ ಅದನ್ನು ಕೆಡವಿದರು. ಸಾಮಾನು ತರಲು ಹದಿನೈದು ನಿಮಿಷ ಕೊಟ್ಟರು. ನೀವು ಅಮ್ಮನ ಫೋಟೋ ಮತ್ತು ಸಹಿಯ ಬದಲು ಒತ್ತುವ ನಿಮ್ಮ ಮುದ್ರೆಯ ಡಬ್ಬಿ, ಎರಡನ್ನೇ ಎದೆಗವಚಿಕೊಂಡು ಇಳಿದಿರಿ. ಅಮ್ಮ ಮೂವತ್ತು ವರ್ಷ ಅಡುಗೆ ಮಾಡಿದ ಮನೆ ಅದು. ಅದನ್ನು ನೀವು ಮರೆತದ್ದಾದರೂ ಹೇಗೆ?

ನಿನ್ನೆ ಹೊಸ ತಗಡು ಕೂರಿಸಿ, ಕೇಬಲ್‌ಗಳನ್ನು ಪೂರ್ತಿ ಹಾಕಿ ಮತ್ತೆ ಅಲುಗಾಡಿಸಿದೆವು. ಹಳೆಯ ಪೊಟ್ಟಣವನ್ನು ಬೇಕೆಂದೇ ಅಲ್ಲೇ ಬಿಟ್ಟಿದ್ದೆ. ಗೋಡೆ ತಾನಾಗಿ ನೆಟ್ಟಗೆ ಬಂದು ನಿಂತಿತು. ಆದರೂ ಮುಂದಿನ ಶನಿವಾರದ ನಿವಾಸಿಗಳ ಸಭೆಗೆ ಕೋ ತರುವುದು ಅರ್ಧ ಕೇಬಲ್‌ಗಳ ನಕ್ಷೆಯನ್ನೇ. ಅಧ್ಯಕ್ಷರಾದ ನಿಮ್ಮ ಮುದ್ರೆ ಅದರ ಮೇಲೆ ಬಿದ್ದರೆ ಎಂಬತ್ತು ಮನೆಯವರು ಆ ಕಟ್ಟಡದೊಳಗೆ ಮಲಗಬೇಕು. ನೀವೂ ಸೇರಿ.

ಮಾತ್ರೆ ತಪ್ಪಿಸಬೇಡಿ. ಅತ್ತೆಯನ್ನು ಕೇಳಿದೆನೆಂದು ಹೇಳಿ.

ಸಿಟ್ಟಿದ್ದರೂ ನಿಮ್ಮವಳೇ ಆದ,
ಪೈ-ಯುನ್

ಮರೆತಿದ್ದೆ: ಮುದ್ರೆ ಎಲ್ಲಿ ಹೋಯಿತೆಂದು ಮನೆಯೆಲ್ಲ ಹುಡುಕಬೇಡಿ. ಭಾನುವಾರ ನೀವು ಇನ್ನಷ್ಟು ಗಂಜಿ ತರಲು ಒಳಗೆ ಹೋದಾಗ ಡಬ್ಬಿಯಿಂದ ತೆಗೆದುಕೊಂಡವಳು ನಾನೇ. ಶನಿವಾರ ಸಭೆಗೆ ಬರುತ್ತೇನೆ. ಮೇಜಿನ ಮೇಲೆ ಪೂರ್ತಿ ಕೇಬಲ್‌ಗಳ ನಕ್ಷೆ ಇದ್ದರೆ ನನ್ನ ಕೈಯಾರೆ ನಿಮಗೆ ಕೊಡುತ್ತೇನೆ.